ಬೇಸಗೆಯ ರಜೆಯೂ ಪುಸ್ತಕಗಳ ಆಯ್ಕೆಯೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನಾದರೂ ಬರೆಯಲೇಬೇಕೆಂಬುದು ಪದ್ಧತಿ. ಪರೀಕ್ಷೆಯ ಫಲಿತಾಂಶಗಳನ್ನೂ ಕಟ್ಟಡದ ಲೆಕ್ಕವನ್ನೂ ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಕೊಟ್ಟಿರುವುದರಿಂದ ಅವುಗಳನ್ನು ಇಲ್ಲಿ ಪುನಃ ಹೇಳುವುದು ಅನಾವಶ್ಯಕ. ಬಹುದಿನಗಳಿಂದ ನನ್ನ ಮನಸ್ಸಿನಲ್ಲಿದ್ದ ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಈ ಅವಕಾಶವನ್ನು ಉಪಯೋಗಿಸಿಕೊಳ್ಳುತ್ತೇನೆ. ವಿಷಯವು ಮೇಲುನೋಟಕ್ಕೆ ಅಲ್ಪವಾದುದು: ಬೇಸಗೆಯ ರಜೆಯಲ್ಲಿ ನಮ್ಮ ಹುಡುಗಿಯರು ಯಾವ ಪುಸ್ತಕಗಳನ್ನು ಓದಬೇಕು, ಅವುಗಳನ್ನು ಆರಿಸಬೇಕಾದವರು ಯಾರು ಎಂಬುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಜೆಯ ಪುಸ್ತಕವನ್ನು ಓದುವವಳೇ ಆರಿಸಬೇಕು. ಆಕೆಗೆ ಸಂತೋಷವನ್ನುಂಟುಮಾಡುವುದೇ ಆ ಪುಸ್ತಕದ ಮೊದಲನೆಯ ಯೋಗ್ಯತೆಯಾಗಿರಬೇಕು. ದೊಡ್ಡವರಾದ ನಮ್ಮ ಕೆಲಸವೆಂದರೆ ಪುಸ್ತಕಗಳನ್ನು ಆಕೆಯ ಕೈಗೆಟಕುವಂತೆ ಇಡುವುದು, ಆರಿಸುವ ರೀತಿಯನ್ನು ತೋರಿಸುವುದು, ಓದುವುದಕ್ಕೆ ಸಮಯವನ್ನು ಬಿಟ್ಟುಕೊಡುವುದು, ಇಷ್ಟೆ. ಈ ಮಾತನ್ನು ಇಷ್ಟು ನಿಶ್ಚಯವಾಗಿ ಹೇಳಲು ಕಾರಣವುಂಟು. ಇದಕ್ಕೆ ವಿರುದ್ಧವಾದ ಮಾರ್ಗದಲ್ಲಿಯೇ ನಾನು ಏಳು ವರ್ಷಗಳ ಕಾಲ ನಡೆದಿದ್ದೇನೆ.

ಆ ಮಾರ್ಗವು ಯಾವುದೆಂದು ಅನೇಕ ತಾಯಂದಿರಿಗೆ ಜ್ಞಾಪಕವಿರಬಹುದು. ಏಪ್ರಿಲ್ ತಿಂಗಳಿನಲ್ಲಿ ಶಾಲೆಯ ಬಾಗಿಲು ಮುಚ್ಚುವ ಮುನ್ನ ಪ್ರತಿಯೊಂದು ತರಗತಿಗೂ ಹತ್ತು ಪುಸ್ತಕಗಳ ಪಟ್ಟಿಯೊಂದನ್ನು ಅಚ್ಚುಹಾಕಿಸಿ ಕೊಡುತ್ತಿದ್ದೆನು. ಅವೆಲ್ಲವೂ ಒಳ್ಳೆಯ ಪುಸ್ತಕಗಳೇ. ಮಹಾಪುರುಷರ ಚರಿತ್ರೆಗಳು, ನೀತಿಬೋಧಕವಾದ ಕಥೆಗಳು, ಸಾಮಾನ್ಯಜ್ಞಾನದ ಗ್ರಂಥಗಳು. ಅವುಗಳಲ್ಲಿ ಐದನ್ನಾದರೂ ಓದಿ, ಒಂದೊಂದಕ್ಕೂ ಎರಡು ಪುಟಗಳ ಸಾರಾಂಶವನ್ನು ಬರೆದು ಜೂನ್ ತಿಂಗಳ ಮೊದಲನೆಯ ವಾರದಲ್ಲಿ ಒಪ್ಪಿಸಬೇಕೆಂದು ಆಜ್ಞೆ. ಸಾರಾಂಶಗಳು ಬರುತ್ತಿದ್ದುವು. ಅಕ್ಷರಗಳು ದುಂಡಾಗಿಯೂ ಹಾಳೆಗಳು ಚೊಕ್ಕಟವಾಗಿಯೂ ಇರುತ್ತಿದ್ದುವು. ಆ ಕಟ್ಟನ್ನು ಉಪಾಧ್ಯಾಯಿನಿಯರ ಕೊಠಡಿಯ ಮೇಜಿನ ಮೇಲೆ ನೋಡಿದಾಗಲೆಲ್ಲಾ ನನಗೆ ಹೆಮ್ಮೆಯೆನಿಸುತ್ತಿದ್ದಿತು.

ಒಂದು ವರ್ಷ ಆ ಹಾಳೆಗಳನ್ನು ನಾನೇ ಕೂತು ತಿದ್ದಬೇಕಾಗಿ ಬಂತು. ಎಂಟನೆಯ ತರಗತಿಯ ಹನ್ನೊಂದು ಮಂದಿ ಹುಡುಗಿಯರು ಒಂದೇ ಪುಸ್ತಕದ ಸಾರಾಂಶವನ್ನು ಬರೆದಿದ್ದರು. ಹನ್ನೊಂದರಲ್ಲಿಯೂ ಒಬ್ಬ ವ್ಯಕ್ತಿಯ ಹೆಸರು ಒಂದೇ ವಿಧವಾಗಿ ತಪ್ಪಾಗಿದ್ದಿತು! ಪುಸ್ತಕಭಂಡಾರಕ್ಕೆ ಹೋಗಿ ಆ ಪುಸ್ತಕದ ಪ್ರತಿಗಳನ್ನು ತೆಗೆದು ನೋಡಿದೆನು. ಎರಡು ಪ್ರತಿಗಳ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದುವು. ಓದಿದವಳು ಒಬ್ಬಳು, ಅಥವಾ ಅವಳೂ ಇಲ್ಲ. ನಾನು ಓದುವುದನ್ನು ಕಲಿಸಲಿಲ್ಲ; ನಕಲುಮಾಡುವುದಕ್ಕೆ ರಜೆಯಲ್ಲಿಯೂ ಅವಕಾಶವನ್ನು ಕಲ್ಪಿಸಿಕೊಟ್ಟಿದ್ದೆನು.

ಆ ಹನ್ನೊಂದು ಮಂದಿಯಲ್ಲಿ ಒಬ್ಬಳನ್ನು ಕರೆದು, ಗದರಿಸದೆ, ರಜೆಯಲ್ಲಿ ನಿಜವಾಗಿ ಏನಾದರೂ ಓದಿದೆಯಾ ಎಂದು ಕೇಳಿದೆನು. ಬಹಳ ಹೊತ್ತು ತಲೆತಗ್ಗಿಸಿ ನಿಂತಿದ್ದು, ಮಾಗಡಿಯ ಕಡೆಯ ಹಳ್ಳಿಯಲ್ಲಿರುವ ಅಜ್ಜಿಯ ಮನೆಯ ಪೆಟ್ಟಿಗೆಯಲ್ಲಿ ರಟ್ಟು ಹರಿದುಹೋದ ಪುಸ್ತಕವೊಂದು ಸಿಕ್ಕಿತೆಂದೂ ಅದನ್ನು ಎರಡು ಸಲ ಓದಿದೆನೆಂದೂ ಹೇಳಿದಳು. ಮೊದಲ ಪುಟವಿಲ್ಲದಿದ್ದುದರಿಂದ ಅದರ ಹೆಸರು ಅವಳಿಗೆ ತಿಳಿಯದು. ಕಾಡು, ಜೇನುಹುಳುಗಳು, ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೊರಟ ಒಬ್ಬ ವಿಜ್ಞಾನಿ, ಹೀಗೆ ಕಥೆಯನ್ನು ಹೇಳುತ್ತಾ ಹೋದಂತೆ ಅವಳ ಮುಖದಲ್ಲಿದ್ದ ಅಂಜಿಕೆಯು ಮಾಯವಾಯಿತು. ನಾನು ಮುಖ್ಯೋಪಾಧ್ಯಾಯಿನಿಯೆಂಬುದನ್ನೂ ಮರೆತು ಕೈಗಳಿಂದ ಅಭಿನಯಿಸಿ ತೋರಿಸಿದಳು. ಅದು ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ “ಕರ್ವಾಲೊ” ಎಂಬ ಕಾದಂಬರಿ. ನಮ್ಮ ಕಾಲದ ಅತ್ಯುತ್ತಮ ಕನ್ನಡ ಪುಸ್ತಕಗಳಲ್ಲೊಂದನ್ನು ಎರಡು ಸಲ ಓದಿದ ಹುಡುಗಿಯು, ಅದು ಪಟ್ಟಿಯಲ್ಲಿಲ್ಲವೆಂಬ ಕಾರಣದಿಂದ, ತಾನೇನೋ ಅಪರಾಧ ಮಾಡಿದವಳಂತೆ ನನ್ನ ಮುಂದೆ ನಿಂತಿದ್ದಳು. ಆ ದಿನ ನಾನು ಪಟ್ಟಿಯನ್ನು ಹರಿದುಹಾಕಿದೆನು.

ಇಂತಹ ತಪ್ಪನ್ನು ನಾನು ಮಾಡಬಾರದಾಗಿತ್ತು. ಏಕೆಂದರೆ ಅದರ ಫಲವನ್ನು ಸ್ವತಃ ಅನುಭವಿಸಿದವಳು. ನಾನು ಮಿಷನ್ ಶಾಲೆಯೊಂದರ ವಿದ್ಯಾರ್ಥಿನಿನಿಲಯದಲ್ಲಿ ಬೆಳೆದವಳು. ಆ ನಿಲಯದ ಋಣವನ್ನು ನಾನು ಎಂದಿಗೂ ತೀರಿಸಲಾರೆ. ಶುಚಿ, ಕಾಲನಿಯಮ, ಹಾಡು, ಪರರ ಸೇವೆ, ಎಲ್ಲವನ್ನೂ ಅಲ್ಲಿಯೇ ಕಲಿತೆನು. ಆದರೆ ಅಲ್ಲಿನ ಪುಸ್ತಕದ ಬೀರುವಿಗೆ ಗಾಜಿನ ಬಾಗಿಲೂ ಹಿತ್ತಾಳೆಯ ಬೀಗವೂ ಇದ್ದುವು. ಬೀಗದ ಕೈ ಮೇಲ್ವಿಚಾರಕಿಯವರ ಸೊಂಟದಲ್ಲಿರುತ್ತಿದ್ದಿತು. ಪುಸ್ತಕಗಳ ಬೆನ್ನನ್ನು ಗಾಜಿನ ಮೂಲಕ ಓದುತ್ತಾ ನಿಲ್ಲುತ್ತಿದ್ದೆವು. ಒಂಬತ್ತನೆಯ ತರಗತಿಯಲ್ಲಿದ್ದಾಗ ಗೆಳತಿಯೊಬ್ಬಳು ತ್ರಿವೇಣಿಯವರ “ಬೆಕ್ಕಿನ ಕಣ್ಣು” ಕಾದಂಬರಿಯನ್ನು ಮನೆಯಿಂದ ತಂದುಕೊಟ್ಟಳು. ಅರ್ಧ ಓದಿದ್ದೆನು, ಅಷ್ಟರಲ್ಲಿ ದಿಂಬಿನ ಕೆಳಗಿನಿಂದ ಅದನ್ನು ಕಿತ್ತುಕೊಂಡುಹೋದರು. ಕಾದಂಬರಿಗಳಿಂದ ಹುಡುಗಿಯರ ಮನಸ್ಸು ಚಂಚಲವಾಗುವುದೆಂದು ಉಪದೇಶವೂ ಆಯಿತು. ಆ ಕಥೆಯ ಕೊನೆಯು ಏನಾಯಿತೆಂಬುದು ಐದು ವರ್ಷಗಳ ನಂತರ, ಉಪಾಧ್ಯಾಯಿನಿಯರ ತರಬೇತಿಗೆ ಸೇರಿದ ಮೇಲೆಯೇ ನನಗೆ ತಿಳಿದುದು. ಆ ಪುಸ್ತಕವನ್ನು ಕಿತ್ತುಕೊಂಡುದರಿಂದ ನಾನು ಕಾದಂಬರಿಗಳನ್ನು ಬಿಡಲಿಲ್ಲ. ಬಚ್ಚಿಟ್ಟು ಓದುವುದನ್ನು ಕಲಿತೆನು. ಆದರೆ ನನ್ನ ಪಕ್ಕದ ಮಂಚದ ಹುಡುಗಿಯು ಅಂದಿನಿಂದ ಓದುವುದನ್ನೇ ಬಿಟ್ಟಳು. ಬಚ್ಚಿಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಹೆಣ್ಣುಮಕ್ಕಳ ಕೈಯಲ್ಲಿರುವ ಕಥೆಯ ಪುಸ್ತಕಕ್ಕೆ ಹೀಗೆ ಹೆದರುವುದು ಒಂದು ಶಾಲೆಯ ಅಥವಾ ಒಂದು ಮತದ ದೋಷವಲ್ಲ. ನಮ್ಮ ನಾಡಿನ ಹಳೆಯ ಅಭ್ಯಾಸ. ಆದರೂ ಕನ್ನಡದಲ್ಲಿ ಓದುವವರ ಬಳಗವು ಬೆಳೆದುದಾದರೂ ಹೇಗೆ? ಬೆಂಗಾಲಿಯ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು (1845–1914) ರಸವತ್ತಾದ ಕಥೆಗಳನ್ನು ಮನೆಮನೆಗೂ ಮುಟ್ಟಿಸಿದರು. ಧಾರವಾಡದ ಕಡೆಯಲ್ಲಿ ಗಳಗನಾಥರು ತಾವೇ ಬರೆದ ಕಾದಂಬರಿಗಳ ಗಂಟನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಇವರ ಪುಸ್ತಕಗಳನ್ನು ಜನರು ಕೊಂಡುದು ಪರೀಕ್ಷೆಗೋಸ್ಕರವಲ್ಲ; ಮುಂದೇನಾಯಿತೆಂಬ ಕುತೂಹಲದಿಂದ. ನಂಜನಗೂಡಿನ ತಿರುಮಲಾಂಬ (1887–1982) ಅವರಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ವೈಧವ್ಯ ಪ್ರಾಪ್ತವಾಯಿತು. ಅಂತಹ ಬಾಲಿಕೆಗೆ ಆ ಕಾಲದಲ್ಲಿ ಉಳಿಯುತ್ತಿದ್ದುದು ಮನೆಯ ಒಂದು ಮೂಲೆ ಮಾತ್ರ. ಆಕೆ ಆ ಮೂಲೆಯಲ್ಲಿ ಓದುತ್ತಾ ಬರೆಯುತ್ತಾ ಬೆಳೆದು, 1913ರಲ್ಲಿ “ಸತೀ ಹಿತೈಷಿಣೀ” ಗ್ರಂಥಮಾಲೆಯನ್ನು ಸ್ಥಾಪಿಸಿ, ಸ್ವಂತ ಕಾದಂಬರಿಗಳನ್ನು ಪ್ರಕಟಿಸಿದರು, ಪತ್ರಿಕೆಯನ್ನೂ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1921ರಲ್ಲಿ “ಸರಸ್ವತಿ” ಪತ್ರಿಕೆಯನ್ನು ಆರಂಭಿಸಿದರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಇವರೆಲ್ಲರೂ ಕಂಡುಕೊಂಡ ಸತ್ಯವು ಒಂದೇ: ಸಂತೋಷವು ಬಾಗಿಲನ್ನು ತೆರೆಯದಿದ್ದರೆ ಜ್ಞಾನವು ಒಳಗೆ ಬರಲಾರದು.

ಮಿಷನ್ನಿನವರ ಚರಿತ್ರೆಯಲ್ಲಿಯೂ ಈ ಎರಡು ಮುಖಗಳನ್ನು ಕಾಣುತ್ತೇವೆ. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ “ಮಂಗಳೂರ ಸಮಾಚಾರ”ವನ್ನು ಹೊರಡಿಸಿದರು. 1894ರಲ್ಲಿ ಕಿಟ್ಟೆಲರ ನಿಘಂಟು ಅಲ್ಲಿಂದಲೇ ಹೊರಬಂದಿತು. ಬಾಸೆಲ್ ಮಿಷನ್ನಿನ ಪಾಠಪುಸ್ತಕಗಳಿಗೆ ಪಂಜೆ ಮಂಗೇಶರಾಯರು (1874–1937) ಕೆಲಸಮಾಡಿದುದರಿಂದ ಎಷ್ಟೋ ಮಕ್ಕಳಿಗೆ ಶಾಲೆಯ ಪುಸ್ತಕದಲ್ಲಿಯೇ ಹಾಡೂ ನಗುವೂ ದೊರೆತುವು. ಅಚ್ಚಿನ ಮೊಳೆಗಳನ್ನು ಎರಕಹೊಯ್ದು ಪುಸ್ತಕವನ್ನು ಸಾಮಾನ್ಯರ ಕೈಗೆ ಕೊಟ್ಟ ಪರಂಪರೆಯೇ ಪುಸ್ತಕದ ಬೀರುವಿಗೆ ಬೀಗವನ್ನೂ ಹಾಕಿತೆಂಬುದು ವಿಚಾರಮಾಡತಕ್ಕ ಸಂಗತಿ. ನಾವು ಮೊದಲನೆಯದನ್ನು ಮುಂದುವರಿಸಿ ಎರಡನೆಯದನ್ನು ಬಿಡಬೇಕು.

ಈ ನನ್ನ ಅಭಿಪ್ರಾಯಕ್ಕೆ ತಾಯಿತಂದೆಗಳು ಹೇಳುವ ಆಕ್ಷೇಪಣೆಗಳನ್ನು ನಾನು ಕೇಳಿಲ್ಲದೆ ಇಲ್ಲ. ಅವುಗಳಲ್ಲಿ ಮುಖ್ಯವಾದುವು ಮೂರು.

ಮೊದಲನೆಯದು, ಸ್ವಾತಂತ್ರ್ಯವನ್ನು ಕೊಟ್ಟರೆ ಮಕ್ಕಳು ಕೆಲಸಕ್ಕೆ ಬಾರದ ಪುಸ್ತಕಗಳನ್ನು ಆರಿಸುವರೆಂಬುದು. ಆರಿಸುತ್ತಾರೆ, ಸಂದೇಹವಿಲ್ಲ. ಸಂತೆಗೆ ಹೋದ ಮಗುವು ಮೊದಲು ಬಣ್ಣದ ಮಿಠಾಯಿಯನ್ನು ಕೇಳುವುದು ಸಹಜ. ಆದರೆ ರುಚಿಯೆಂಬುದು ಹೋಲಿಕೆಯಿಂದ ಬೆಳೆಯುವಂಥದು. ಹತ್ತು ಪತ್ತೇದಾರಿ ಕಥೆಗಳನ್ನು ಓದಿದವಳಿಗೆ ಹನ್ನೊಂದನೆಯದರ ಕಳ್ಳನು ಯಾರೆಂಬುದು ಮೂರನೆಯ ಪುಟದಲ್ಲಿಯೇ ತಿಳಿದು ಬೇಸರವಾಗುತ್ತದೆ. ಆಗ ಅವಳೇ ಬೇರೆ ಏನಾದರೂ ಇದೆಯೇ ಎಂದು ಕೇಳಿಕೊಂಡು ಬರುತ್ತಾಳೆ. ಹಾಗೆ ಕೇಳಿಕೊಂಡು ಬಂದವಳಿಗೆ ಕೊಟ್ಟ ಪುಸ್ತಕವು ನಾಟುವಂತೆ, ಬಲವಂತದಿಂದ ಕೊಟ್ಟುದು ನಾಟುವುದಿಲ್ಲ. ಪ್ರಾಯಕ್ಕೆ ಮೀರಿದ ವಿಷಯವುಳ್ಳ ಪುಸ್ತಕವೊಂದು ಮಗಳ ಕೈಗೆ ಬಂದರೆ ತಾಯಿಯೂ ಅದನ್ನು ಓದಿ ಅವಳೊಡನೆ ಮಾತನಾಡುವುದು ಒಳ್ಳೆಯದು. ಕಿತ್ತುಕೊಂಡು ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ.

ಎರಡನೆಯದು, ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯಿರುವಾಗ ಕಥೆಪುಸ್ತಕವನ್ನು ಓದುವುದು ಕಾಲಹರಣವೆಂಬುದು. ಇಪ್ಪತ್ತು ವರ್ಷಗಳಿಂದ ಉತ್ತರಪತ್ರಿಕೆಗಳನ್ನು ತಿದ್ದುತ್ತಿರುವ ನನ್ನ ಅನುಭವವನ್ನು ಹೇಳುತ್ತೇನೆ. ಪಾಠವನ್ನು ಬಾಯಿಪಾಠ ಮಾಡಿದವಳು ಪ್ರಶ್ನೆಯು ಸ್ವಲ್ಪ ತಿರುಗಿದರೆ ನಿಂತುಬಿಡುತ್ತಾಳೆ. ಸ್ವಂತ ಸಂತೋಷಕ್ಕಾಗಿ ಓದುವವಳು ಪ್ರಶ್ನೆಯನ್ನೇ ಎರಡು ಸಲ ಓದುತ್ತಾಳೆ. ಏನು ಕೇಳಿದ್ದಾರೆಂಬುದು ಅವಳಿಗೆ ತಿಳಿಯುತ್ತದೆ. ವಿಜ್ಞಾನದ ಪ್ರಶ್ನೆಗೂ ಗಣಿತದ ಸಮಸ್ಯೆಗೂ ಇದು ಅನ್ವಯಿಸುವುದು. ಲೆಕ್ಕವನ್ನಾದರೂ ನೋಡೋಣ. ಏಪ್ರಿಲ್ 11ರಿಂದ ಮೇ 28ರವರೆಗೆ ರಜೆಯೆಂದಿಟ್ಟುಕೊಂಡರೆ 48 ದಿನಗಳಾಗುತ್ತವೆ. ದಿನಕ್ಕೆ 10 ಪುಟಗಳಂತೆ ಓದಿದರೂ 480 ಪುಟಗಳಾದುವು. ಅಂದರೆ ಸಾಧಾರಣ ಗಾತ್ರದ ಮೂರು ಪುಸ್ತಕಗಳು. ಹತ್ತು ಪುಟಗಳಿಗೆ ಬೇಕಾದುದು ಅರ್ಧ ಗಂಟೆ. ಇದರಿಂದ ಯಾವ ಪರೀಕ್ಷೆಗೂ ಹಾನಿಯಾಗದು.

ಮೂರನೆಯದು ಇಂಗ್ಲಿಷಿನ ವಿಷಯ. ಕೆಂಗೇರಿ ಉಪನಗರಕ್ಕೆ ರಾಮನಗರ, ಮಾಗಡಿ, ಮಂಡ್ಯದ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ತಾವು ಪಡೆಯದಿದ್ದ ಇಂಗ್ಲಿಷು ಮಗಳಿಗೆ ದೊರೆಯಲೆಂಬ ಆಶೆಯಿಂದ ದೊಡ್ಡ ಅಂಗಡಿಗಳಿಂದ ಹೊಳಪಿನ ರಟ್ಟಿನ ಇಂಗ್ಲಿಷ್ ಪುಸ್ತಕಗಳನ್ನು ಕೊಂಡುಕೊಡುತ್ತಾರೆ. ಆ ಆಶೆಯನ್ನು ನಾನು ಗೌರವಿಸುತ್ತೇನೆ. ಆದರೆ ಸಾಲಿಗೆ ನಾಲ್ಕು ಸಲ ನಿಘಂಟನ್ನು ನೋಡಬೇಕಾದ ಪುಸ್ತಕದಿಂದ ಸಂತೋಷವು ಹೇಗೆ ಹುಟ್ಟೀತು? ಮೊದಲು ಯಾವ ಭಾಷೆಯಲ್ಲಿ ನಗುವು ತಾನಾಗಿ ಬರುವುದೋ ಆ ಭಾಷೆಯಲ್ಲಿ ಓದುವ ಹುಚ್ಚು ಹಿಡಿಯಲಿ. ಮನೆಯ ಮಾತು ತಮಿಳೋ ತೆಲುಗೋ ಉರ್ದುವೋ ಆಗಿದ್ದರೆ ಆ ಪುಸ್ತಕಗಳೂ ಇರಲಿ. ಒಂದು ಭಾಷೆಯಲ್ಲಿ ಓದುವ ಅಭ್ಯಾಸವು ಬೇರೂರಿದವಳು ಇನ್ನೊಂದು ಭಾಷೆಗೆ ಸುಲಭವಾಗಿ ದಾಟುತ್ತಾಳೆ.

ಭಾಷೆಯ ಮಾತು ಬಂದುದರಿಂದ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ಮನೆಯಲ್ಲಿ ಉರ್ದುವನ್ನಾಡುತ್ತಿದ್ದ ಬಾಲಿಕೆಯೊಬ್ಬಳನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗೆಯ ಕನ್ನಡ ಮಿಷನ್ ಶಾಲೆಯೊಂದಕ್ಕೆ ಸೇರಿಸಿದರು. ಆರು ತಿಂಗಳೊಳಗಾಗಿ ಕನ್ನಡವನ್ನು ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡರಂತೆ. ಅವಳು ಕೆಲವೇ ದಿನಗಳಲ್ಲಿ ಕಲಿತಳಂತೆ. ಅವರೇ ಹಾಸನದ ಬಾನು ಮುಷ್ತಾಕ್. ಅವರ ಕನ್ನಡ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ “ಹಾರ್ಟ್ ಲ್ಯಾಂಪ್” ಎಂಬ ಹೆಸರಿನಿಂದ ಇಂಗ್ಲಿಷಿಗೆ ಹೋಗಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನವನ್ನು ಪಡೆದುವು. ನಮ್ಮ ಎಲ್ಲ ಹುಡುಗಿಯರೂ ಲೇಖಕಿಯರಾಗುವರೆಂದು ನಾನು ಹೇಳುತ್ತಿಲ್ಲ. ಮಿಷನ್ ಶಾಲೆಯ ಬೆಂಚಿನ ಮೇಲೆ ಕುಳಿತ ಮಗುವಿಗೆ ಕನ್ನಡದ ಅಕ್ಷರವು ಬೇಲಿಯಾಗದೆ ಬಾಗಿಲಾಯಿತೆಂಬುದನ್ನು ಮಾತ್ರ ಜ್ಞಾಪಿಸುತ್ತೇನೆ.

ಇನ್ನು ಆರಿಸುವ ರೀತಿ. ಆಯ್ಕೆಯನ್ನು ಮಕ್ಕಳಿಗೆ ಬಿಡಬೇಕೆಂದರೆ ಅವರನ್ನು ಬೀರುವಿನ ಮುಂದೆ ಬಿಟ್ಟು ಹೊರಟುಹೋಗಬೇಕೆಂದು ಅರ್ಥವಲ್ಲ. ಒಳ್ಳೆಯ ಸೀರೆಯನ್ನೂ ಒಳ್ಳೆಯ ಬದನೆಕಾಯಿಯನ್ನೂ ಆರಿಸುವುದನ್ನು ನಾವು ಹೆಣ್ಣುಮಕ್ಕಳಿಗೆ ಕಲಿಸುತ್ತೇವೆ. ಪುಸ್ತಕವನ್ನು ಆರಿಸುವುದನ್ನು ಏಕೆ ಕಲಿಸಬಾರದು? ನಮ್ಮ ಶಾಲೆಯಲ್ಲಿ ಈಗ ಹೇಳಿಕೊಡುವ ಕ್ರಮ ಹೀಗಿದೆ. ಹೊದಿಕೆಯ ಚಿತ್ರಕ್ಕೆ ಮರುಳಾಗಬೇಡ. ಮೊದಲ ಪುಟವನ್ನೂ ನಡುವಿನ ಒಂದು ಪುಟವನ್ನೂ ನಿಂತಲ್ಲಿಯೇ ಓದು. ಪುಟವನ್ನು ಮಗುಚಬೇಕೆನಿಸಿದರೆ ತೆಗೆದುಕೊ. ಒಂದು ಪುಟದಲ್ಲಿ ಐದಾರು ಮಾತುಗಳಿಗಿಂತ ಹೆಚ್ಚು ಅರ್ಥವಾಗದಿದ್ದರೆ ಅದನ್ನು ಮುಂದಿನ ಬೇಸಗೆಗೆ ಇಡು. ಮೂರು ಪುಸ್ತಕಗಳನ್ನು ಆರಿಸುವಾಗ ಒಂದು ನಗಿಸುವಂಥದೋ ಮೈಮರೆಸುವಂಥದೋ ಆಗಿರಲಿ. ಇನ್ನೊಂದು ನಿನಗೆ ಮೊದಲೇ ಪ್ರೀತಿಯಿರುವ ವಿಷಯದ್ದು, ಹಕ್ಕಿಯಾಗಲಿ ಅಡಿಗೆಯಾಗಲಿ ಕ್ರಿಕೆಟ್ಟಾಗಲಿ, ಇರಲಿ. ಮೂರನೆಯದು ನೀನು ಎಂದೂ ಮುಟ್ಟಿರದ ಬಗೆಯದಾಗಿರಲಿ. ಮೂವತ್ತು ಪುಟಗಳಾದರೂ ರುಚಿಸದಿದ್ದರೆ ನಾಚಿಕೆಪಡದೆ ಹಿಂದಕ್ಕೆ ಕೊಡು.

ಈ ಕೊನೆಯ ಮಾತಿಗೆ ನಮ್ಮ ಉಪಾಧ್ಯಾಯಿನಿಯರಲ್ಲಿಯೇ ಕೆಲವರು ಹುಬ್ಬುಗಂಟಿಕ್ಕಿದರು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದನ್ನು ಕಲಿಸಿದಂತಾಯಿತಲ್ಲವೆ ಎಂದು. ಪಾಠದ ಪುಸ್ತಕವಾದರೆ ಬಿಡಬಾರದು. ಆದರೆ ಸಂತೋಷಕ್ಕಾಗಿ ಓದುವುದು ಬೇರೆ. ಫ್ರಾನ್ಸ್ ದೇಶದಲ್ಲಿ ಉಪಾಧ್ಯಾಯರಾಗಿದ್ದ ಡೇನಿಯಲ್ ಪೆನಾಕ್ ಎಂಬ ಲೇಖಕರು 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಎಣಿಸಿ ಬರೆದಾಗ, ಪುಟಗಳನ್ನು ಹಾರಿಸುವ ಹಕ್ಕನ್ನೂ ಪುಸ್ತಕವನ್ನು ಮುಗಿಸದೆ ಇರುವ ಹಕ್ಕನ್ನೂ ಓದಿದುದನ್ನೇ ಮತ್ತೆ ಓದುವ ಹಕ್ಕನ್ನೂ ಸೇರಿಸಿದರು. ಇವೆಲ್ಲವನ್ನೂ ದೊಡ್ಡವರಾದ ನಾವು ಪ್ರತಿದಿನವೂ ಉಪಯೋಗಿಸುತ್ತೇವೆ. ಮಕ್ಕಳಿಗೆ ಮಾತ್ರ ನಿರಾಕರಿಸುತ್ತೇವೆ.

ಜಪಾನಿನ ಟೆಟ್ಸುಕೊ ಕುರೊಯಾನಗಿ ಅವರು 1981ರಲ್ಲಿ ಬರೆದ “ತೊತ್ತೋ-ಚಾನ್” ಎಂಬ ಪುಸ್ತಕವು ಕನ್ನಡಕ್ಕೂ ಬಂದಿದೆ, ಅನೇಕರು ಓದಿರಬಹುದು. ಟೋಕಿಯೋ ನಗರದ ಅವರ ಶಾಲೆಯು ಹಳೆಯ ರೈಲುಗಾಡಿಯ ಡಬ್ಬಿಗಳಲ್ಲಿ ನಡೆಯುತ್ತಿದ್ದಿತು. ಹೊಸದಾಗಿ ಬಂದ ಒಂದು ಡಬ್ಬಿಯನ್ನು ಪುಸ್ತಕಭಂಡಾರವನ್ನಾಗಿ ಮಾಡಿ, ಅಲ್ಲಿನ ಮುಖ್ಯೋಪಾಧ್ಯಾಯರಾದ ಕೊಬಾಯಾಶಿಯವರು, ಇಂಥ ಪುಸ್ತಕ ಇಂಥ ತರಗತಿಗೆಂಬ ಭೇದವಿಲ್ಲ, ಯಾರು ಯಾವುದನ್ನು ಬೇಕಾದರೂ ಓದಬಹುದೆಂದು ಮಕ್ಕಳಿಗೆ ತಿಳಿಸಿದರು. ಆ ಶಾಲೆಯು 1945ರ ಬಾಂಬಿನ ದಾಳಿಯಲ್ಲಿ ಸುಟ್ಟುಹೋಯಿತು. ಆ ಡಬ್ಬಿಯಲ್ಲಿ ಕುಳಿತು ಓದಿದ ಹುಡುಗಿಯ ನೆನಪು ಮಾತ್ರ ಸುಡಲಿಲ್ಲ. ನಾನು ಅದನ್ನು ಓದಿದ ವರ್ಷವೇ ನಮ್ಮ ಬೀರುಗಳ ಮೇಲೆ ಅಂಟಿಸಿದ್ದ ತರಗತಿಯ ಚೀಟಿಗಳನ್ನು ತೆಗೆಸಿದೆನು.

ಪಟ್ಟಿಯನ್ನು ಹರಿದುಹಾಕಿದೆನೆಂದು ಹೇಳಿ ಪುನಃ ಪುಸ್ತಕಗಳ ಹೆಸರನ್ನು ಹೇಳುವುದು ವಿಚಿತ್ರವಾಗಿ ತೋರಬಹುದು. ಆದರೆ ಮೇಜಿನ ಮೇಲೆ ಹಣ್ಣುಗಳನ್ನು ಇಡುವುದು ಬೇರೆ, ಬಾಯಿಗೆ ತುರುಕುವುದು ಬೇರೆ. ನಮ್ಮ ಹುಡುಗಿಯರು ತಾವಾಗಿ ಮತ್ತೆ ಮತ್ತೆ ಕೇಳಿಕೊಂಡು ಬಂದ ಕೆಲವು ಪುಸ್ತಕಗಳನ್ನಷ್ಟೇ ಇಲ್ಲಿ ಹೆಸರಿಸುತ್ತೇನೆ.

ಚಿಕ್ಕ ಮಕ್ಕಳಿರುವ ಮನೆಗೆ ಅನುಪಮಾ ನಿರಂಜನ ಅವರ “ದಿನಕ್ಕೊಂದು ಕಥೆ” ಬಹು ಉಪಯುಕ್ತ. ಹನ್ನೆರಡು ಸಂಪುಟಗಳು, ತಿಂಗಳಿಗೊಂದು. ರಜೆಗೆ ಏಪ್ರಿಲ್ ಮೇ ತಿಂಗಳ ಎರಡು ಸಂಪುಟಗಳೇ ಸಾಕು. ಹೈಸ್ಕೂಲಿನ ಹುಡುಗಿಯು ತಮ್ಮತಂಗಿಯರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಲಿ. ಓದುವವಳಿಗೂ ಕೇಳುವವರಿಗೂ ಲಾಭ. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ಎಂದಿಗೂ ಹಳತಾಗುವುದಿಲ್ಲ. ನಡುವಿನ ವಯಸ್ಸಿನವರು ತೇಜಸ್ವಿಯವರ “ಪರಿಸರದ ಕತೆ”ಯನ್ನು ಹಿಡಿದರೆ ಕೆಳಗಿಡುವುದಿಲ್ಲ. ಅದರಲ್ಲಿ ಬರುವ ಕಿವಿಯೆಂಬ ನಾಯಿಯ ಸುದ್ದಿಯನ್ನು ನಮ್ಮ ಆರನೆಯ ತರಗತಿಯವರು ತಮ್ಮ ಮನೆಯ ನಾಯಿಯದೆಂಬಂತೆ ಮಾತನಾಡಿಕೊಳ್ಳುತ್ತಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ “ಹಳ್ಳಿಯ ಚಿತ್ರಗಳು” 1930ರ ಪುಸ್ತಕವಾದರೂ ಇಂದಿಗೂ ನಗಿಸುತ್ತದೆ. ಗಿಡಮರಗಳಲ್ಲಿ ಆಸಕ್ತಿಯುಳ್ಳವಳಿಗೆ ಬಿ. ಜಿ. ಎಲ್. ಸ್ವಾಮಿಯವರ “ಹಸುರು ಹೊನ್ನು”. ವಿದ್ಯಾರ್ಥಿಗಳೊಡನೆ ಕಾಡಿಗೆ ಹೋದ ಸಸ್ಯಶಾಸ್ತ್ರಜ್ಞರ ಪ್ರವಾಸವದು, ಚಿತ್ರಗಳೂ ಅವರ ಕೈಯವೇ. ದೊಡ್ಡ ಹುಡುಗಿಯರಿಗೆ ಶಿವರಾಮ ಕಾರಂತರ “ಬೆಟ್ಟದ ಜೀವ” (1943), ಎಂ. ಕೆ. ಇಂದಿರಾ ಅವರ “ಫಣಿಯಮ್ಮ” (1976), ಕೊಡಗಿನ ಗೌರಮ್ಮನವರ ಸಣ್ಣ ಕಥೆಗಳು. ಗೌರಮ್ಮನವರು 1939ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲವೆಂಬುದನ್ನು ಕೇಳಿದ ಮೇಲೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅವರ ಕಥೆಗಳನ್ನು ಮತ್ತೊಮ್ಮೆ ಓದಲು ಕೇಳಿ ತೆಗೆದುಕೊಂಡುಹೋದಳು. ಇಂಥದೇ ಓದಬೇಕೆಂಬ ನಿರ್ಬಂಧವಿಲ್ಲ. ಇವು ಯಾವುವೂ ರುಚಿಸದವಳಿಗೆ ಬೇರೆ ಬೀರುವಿದೆ.

ಪುಸ್ತಕಗಳು ಸಿಕ್ಕುವುದೆಲ್ಲಿ ಎಂಬುದು ಬಡತನವಿರುವ ಮನೆಗಳಲ್ಲಿ ನ್ಯಾಯವಾದ ಪ್ರಶ್ನೆ. ಕೊಂಡುಕೊಳ್ಳಲೇಬೇಕೆಂಬುದಿಲ್ಲ. ಈ ಬೇಸಗೆಯಿಂದ ನಮ್ಮ ಶಾಲೆಯ ಪುಸ್ತಕಭಂಡಾರವು ರಜೆಯಲ್ಲಿಯೂ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ತೆರೆದಿರುತ್ತದೆ. ಸಾರ್ವಜನಿಕ ಗ್ರಂಥಾಲಯಗಳೂ ನಮ್ಮವೇ: 1965ರ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಮನೆಯ ತೆರಿಗೆಯೊಡನೆ ನಾವು ಅವುಗಳಿಗೋಸ್ಕರ ಉಪಕರವನ್ನು ಕೊಡುತ್ತಿದ್ದೇವೆ, ಕೊಟ್ಟ ಹಣದ ಪುಸ್ತಕವನ್ನು ತೆಗೆದುಕೊಳ್ಳದಿರುವುದು ನಮ್ಮದೇ ಅಲಕ್ಷ್ಯ. ಕೆಂಗೇರಿಗೆ ಮೆಟ್ರೋ ರೈಲು 2021ರಲ್ಲಿ ಬಂದಿತಷ್ಟೆ. ಗಾಡಿಯನ್ನು ಬದಲಾಯಿಸದೆ ಕಬ್ಬನ್ ಉದ್ಯಾನದ ಬಳಿ ಇಳಿಯಬಹುದು. ಅಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ ಮಗಳನ್ನು ಒಂದು ದಿನ ಕರೆದುಕೊಂಡು ಹೋಗಿರಿ. ಹಳ್ಳಿಯಲ್ಲಿ ರಜೆಯನ್ನು ಕಳೆಯುವವರಿಗೆ ಗ್ರಾಮಪಂಚಾಯಿತಿಯ ಗ್ರಂಥಾಲಯಗಳಿವೆ. 2020ರಲ್ಲಿ “ಓದುವ ಬೆಳಕು” ಎಂಬ ಯೋಜನೆಯು ಆರಂಭವಾದಂದಿನಿಂದ ಅಲ್ಲಿ ಮಕ್ಕಳನ್ನು ಹಣವಿಲ್ಲದೆ ಸದಸ್ಯರನ್ನಾಗಿ ಸೇರಿಸಿಕೊಂಡಿದ್ದಾರೆ. ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದರು. ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕವುಂಟು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗನುಂಟು ಎಂಬ ಅರ್ಥದ ಸೂತ್ರಗಳನ್ನು ಅವರು 1931ರಲ್ಲಿಯೇ ಪ್ರಕಟಿಸಿದ್ದರು. ಒಂದೇ ಪಟ್ಟಿಯನ್ನು ನಲವತ್ತು ಹುಡುಗಿಯರಿಗೆ ಹಂಚಿದ ನಾನು ಆ ಸೂತ್ರಗಳನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆನೇ ಹೊರತು ಅರ್ಥಮಾಡಿಕೊಂಡಿರಲಿಲ್ಲ.

ಕೊನೆಯದಾಗಿ, ತಾಯಿತಂದೆಗಳಲ್ಲಿ ಒಂದು ಮುಖ್ಯವಾದ ಬಿನ್ನಹ. ಇದನ್ನು ಬರೆಯುವುದಕ್ಕೋಸ್ಕರವೇ ಈ ಲೇಖನವನ್ನು ಆರಂಭಿಸಿದೆನೆಂದರೂ ಸಲ್ಲುತ್ತದೆ. ಪುಸ್ತಕವು ಸಿಕ್ಕಿದರೂ ನಮ್ಮ ಹುಡುಗಿಯರಿಗೆ ಅದನ್ನು ಓದಲು ಸಮಯವೆಲ್ಲಿದೆ? ರಜೆ ಬಂದೊಡನೆ ಅಣ್ಣತಮ್ಮಂದಿರು ಆಟದ ಬಯಲಿಗೆ ಹೋಗುತ್ತಾರೆ. ಹುಡುಗಿಗೆ ಮಾತ್ರ ಪಾತ್ರೆ, ಬಟ್ಟೆ, ನೀರು, ಎಳೆಯ ಮಗುವಿನ ಆರೈಕೆ, ಬಂದ ನೆಂಟರ ಉಪಚಾರ. ತಾಯಂದಿರು ಉಡುಪು ತಯಾರಿಸುವ ಕಾರ್ಖಾನೆಗಳಿಗೂ ಪರರ ಮನೆಗಳಿಗೂ ಕೆಲಸಕ್ಕೆ ಹೋಗುವುದನ್ನು ನಾನು ಬಲ್ಲೆನು. ಮನೆಗೆಲಸದಲ್ಲಿ ಮಗಳು ನೆರವಾಗಬಾರದೆಂದು ಹೇಳುವಷ್ಟು ಅವಿವೇಕಿಯೂ ನಾನಲ್ಲ. ಆದರೆ ಅವಳು ಪುಸ್ತಕವನ್ನು ಹಿಡಿದು ಕುಳಿತೊಡನೆ ಸುಮ್ಮನೆ ಕುಳಿತಿದ್ದಾಳೆಂದು ಎಣಿಸಿ ಕೂಗಬೇಡಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆ, ಒಂದೇ ಗಂಟೆ, ಅವಳದಾಗಿರಲಿ. ಆ ಒಂದು ಗಂಟೆ ಅವಳನ್ನು ಯಾರೂ ಕರೆಯದಿರಲಿ. ಅವಳ ಪಾಲಿನ ಕೆಲಸದಲ್ಲಿ ಸ್ವಲ್ಪವನ್ನು ಅಣ್ಣನೂ ಮಾಡಲಿ. ಮೊಬೈಲಿನ ವಿಷಯದಲ್ಲಿ ದೂರುವ ತಂದೆಯರು ಆ ಒಂದು ಗಂಟೆ ತಮ್ಮ ಮೊಬೈಲನ್ನೂ ಕೆಳಗಿಟ್ಟರೆ ಬೇರೆ ಉಪದೇಶವೇ ಬೇಡ.

ಇದರಿಂದ ಏನಾಗುವುದು? ನಮ್ಮ ಶಾಲ��ಯಿಂದ ಹೊರಹೋದ ಹುಡುಗಿಯರಲ್ಲಿ ಹತ್ತನೆಯ ತರಗತಿಯ ಪಾಠಪುಸ್ತಕವನ್ನು ಕಟ್ಟಿಟ್ಟ ಮೇಲೆ ಒಂದು ಪುಸ್ತಕವನ್ನೂ ತೆರೆಯದವರು ಅನೇಕರು. ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಅವರೇ ನನ್ನೊಡನೆ ಹಾಗೆಂದು ಹೇಳಿ ಸಂಕೋಚಪಟ್ಟಿದ್ದಾರೆ. ಸಂಕೋಚಪಡಬೇಕಾದವರು ಅವರಲ್ಲ, ನಾವು. ಮದುವೆ, ಉದ್ಯೋಗ, ಮಕ್ಕಳು, ಕಾಯಿಲೆ ಇವುಗಳ ನಡುವೆ ಒಬ್ಬ ಹೆಂಗಸಿಗೆ ಯಾರ ಅಪ್ಪಣೆಯೂ ಇಲ್ಲದೆ ಹೋಗಿಬರಬಹುದಾದ ಸ್ಥಳವು ಒಂದಾದರೂ ಇರಬೇಕು. ಪುಸ್ತಕವು ಅಂಥದೊಂದು ಸ್ಥಳ. ಅದರ ದಾರಿಯನ್ನು ಹದಿನಾರನೆಯ ವಯಸ್ಸಿನೊಳಗೆ ಕಾಲೇ ಕಂಡುಕೊಂಡಿರಬೇಕು. ತರುವಾಯ ಹುಡುಕಲು ಬಿಡುವು ಸಿಕ್ಕುವುದು ಕಷ್ಟ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ಕೋರಿಕೆ ಚಿಕ್ಕದು. ಶಾಲೆಗೆ ಕಾಣಿಕೆ ಕೊಡಬೇಕೆನ್ನುವವರು ಗಡಿಯಾರವನ್ನೂ ಕುರ್ಚಿಯನ್ನೂ ಕೊಡುವುದು ವಾಡಿಕೆ. ಈ ವರ್ಷ ನಿಮಗೆ ಅತ್ಯಂತ ಸಂತೋಷವನ್ನು ಕೊಟ್ಟ ಒಂದು ಪುಸ್ತಕವನ್ನು ಕಳುಹಿಸಿರಿ. ಹಳೆಯ ಪ್ರತಿಯಾದರೂ ಆಗಬಹುದು. ಅದನ್ನು ನೀವು ಎಲ್ಲಿ, ಯಾವ ವಯಸ್ಸಿನಲ್ಲಿ ಓದಿದಿರೆಂದು ಮೊದಲ ಪುಟದಲ್ಲಿ ಎರಡು ಸಾಲು ಬರೆದಿರಲಿ. ಅಂಥ ಪುಸ್ತಕವು ನಾನು ಆರಿಸಿದ ಹತ್ತು ಪುಸ್ತಕಗಳಿಗಿಂತ ಬೇಗನೆ ಬೀರುವಿನಿಂದ ಹೊರಹೋಗುವುದೆಂದು ಬಲ್ಲೆನು.

ಜೂನ್ ತಿಂಗಳಿನಲ್ಲಿ ಹುಡುಗಿಯರು ಹಿಂದಿರುಗಿದಾಗ ಸಾರಾಂಶವನ್ನು ಕೇಳುವುದಿಲ್ಲ. ಯಾವುದನ್ನು ಅರ್ಧಕ್ಕೆ ಬಿಟ್ಟೆ, ಯಾವುದನ್ನು ಎರಡನೆಯ ಸಲ ಓದಿದೆ ಎಂದು ಮಾತ್ರ ಕೇಳುತ್ತೇನೆ. ಕಳೆದ ವರ್ಷ ಈ ಪ್ರಶ್ನೆಗೆ ಉತ್ತರ ಹೇಳಲು ಏಳನೆಯ ತರಗತಿಯವರು ಒಬ್ಬರ ಮೇಲೊಬ್ಬರು ಬಿದ್ದು ಮಾತನಾಡಿದುದರಿಂದ ಗಂಟೆ ಹೊಡೆದುದು ಯಾರಿಗೂ ಕೇಳಿಸಲಿಲ್ಲ. ಶಿಸ್ತಿನ ವಿಷಯದಲ್ಲಿ ಕಟ್ಟುನಿಟ್ಟಾದವಳೆಂದು ಹೆಸರಾದ ನಾನು ಅಂದು ಅವರನ್ನು ಗದರಿಸಲಿಲ್ಲ.

— ಮುಖ್ಯೋಪಾಧ್ಯಾಯಿನಿ